ಕೆಂಪುಕಲ್ಲಿನ ಗೋಡೆಯಲ್ಲಿ ಕಣಿ: ಒಂದು ವೈರಿಂಗ್ ಕೆಲಸದ ಪ್ರಕರಣ

ಇದು ನಾನೇ ಕೈಹಾಕಿದ ಕೆಲಸ. ಅರ್ಧ ಕೆಡಿಸಿ ಆಮೇಲೆ ಸರಿ ಮಾಡಿದ್ದು. ಮನೆ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಎಲ್ಲೋ ಇದೆ ಅಂತ ಇಟ್ಟುಕೊಳ್ಳಿ. ಹೆಸರು, ಗುರುತು ಬೇಡ. ಮನೆಯವರ ಬಗ್ಗೆ ಒಂದೆರಡು ವಿವರ ಬದಲಿಸಿದ್ದೇನೆ. ಗೋಡೆ, ಯಂತ್ರ, ಅಳತೆ ಇದ್ದ ಹಾಗೇ ಇದೆ.

ತೋಟದಲ್ಲಿ ನೀರು ಹರಿಯಲು ತೆಗೆಯುವುದನ್ನು ನಾವು ಕಣಿ ಅನ್ನುತ್ತೇವೆ. ವೈರಿನ ಪೈಪ್ ಕೂರಿಸಲು ಗೋಡೆಯಲ್ಲಿ ಕೊರೆಯುವ ಸಾಲಿಗೂ ನಮ್ಮ ತಂಡದಲ್ಲಿ ಅದೇ ಹೆಸರು. ಬೇರೆ ಕಡೆ ಗ್ರೂವ್, ಚೇಸಿಂಗ್, ಗೋಡೆ ಕಟಿಂಗ್ ಅಂತೆಲ್ಲ ಹೇಳುತ್ತಾರೆ.

ಮನೆ ಮತ್ತು ಮನೆಯವರು

ಹಳೆಯ ಕೆಂಪುಕಲ್ಲಿನ ಮನೆ. ಮಂಗಳೂರು ಹಂಚಿನ ಮಾಡು. ಒಳಗೆ ಎರಡು ಕೋಣೆಗಳ ಮೇಲೆ ಮರದ ಅಟ್ಟ, ಉಳಿದ ಕಡೆ ತಲೆ ಎತ್ತಿದರೆ ಹಂಚೇ ಕಾಣುತ್ತದೆ. ಪಿಲ್ಲರ್ ಇಲ್ಲ. ಮಾಡಿನ ಭಾರ, ಅಟ್ಟದ ಭಾರ ಎಲ್ಲ 9 ಇಂಚಿನ ಗೋಡೆಗಳ ಮೇಲೆ. ಹಳೆಯ ವೈರಿಂಗ್ ಮರದ ಪಟ್ಟಿ ಮೇಲೆ ಹೋಗಿತ್ತು. ರಬ್ಬರು ಒಣಗಿ, ಮುಟ್ಟಿದರೆ ಉದುರುತ್ತಿತ್ತು.

ಯಜಮಾನರು, ಅವರ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಜೊತೆಗೆ ಯಜಮಾನರ ತಾಯಿ. ಎಂಬತ್ತು ದಾಟಿದವರು, ಉಬ್ಬಸ ಇದ್ದವರು. ಮಗನ ಉಪನಯನಕ್ಕೆ ಒಂದು ತಿಂಗಳು ಬಾಕಿ. ನಮ್ಮದಾದ ಮೇಲೆ ಪೇಂಟಿನವರು ಬರಬೇಕು. ಯಜಮಾನರ ಒಂದೇ ಬೇಡಿಕೆ: "ಒಂದು ಪೈಪೂ ಹೊರಗೆ ಕಾಣಬಾರದು ಮಾರಾಯ್ರೆ."

ನಾನು ಟೇಪು, ಸೀಮೆಸುಣ್ಣ ಹಿಡಿದು ಒಂದು ಸುತ್ತು ಬಂದೆ. ಮೈನ್ ಬೋರ್ಡಿನಿಂದ ಕೋಣೆ ಕೋಣೆಗೆ ಗೋಡೆಯಲ್ಲೇ ಅಡ್ಡ ಗೆರೆ, ಅಲ್ಲಿಂದ ಸ್ವಿಚ್ಚಿಗೆ ಇಳಿಯುವ ಗೆರೆ. ಒಟ್ಟು 210 ಅಡಿ. ಅಡಿಗೆ ಇಷ್ಟು ಅಂತ ರೇಟು ಹೇಳಿ ಮುಂಗಡ ತೆಗೆದುಕೊಂಡೆ. ಮನೆಯಲ್ಲಿ ಯಾರಿಗಾದರೂ ಉಸಿರಿನ ತೊಂದರೆ ಇದೆಯಾ ಅಂತ ಕೇಳಲಿಲ್ಲ. ಅಜ್ಜಿ ಜಗಲಿಯಲ್ಲೇ ಕೂತಿದ್ದರು. ನನಗೆ ಎಲೆ ಅಡಿಕೆ ಬೇಕಾ ಅಂತ ವಿಚಾರಿಸಿದರು.

ಮೊದಲ ದಿನ

4 ಇಂಚಿನ ಗ್ರೈಂಡರ್, ಡೈಮಂಡ್ ಬ್ಲೇಡು, ನಾನು ಮತ್ತು ಇಬ್ಬರು ಹುಡುಗರು. ಕೋಣೆಯ ಬಾಗಿಲು ಹಾಕಿ, ಅಡಿಯ ಸಂದಿಗೆ ಹಳೆ ಸೀರೆ ತುರುಕಿದೆವು. ಮೂಗಿಗೆ ಬೈರಾಸು ಕಟ್ಟಿಕೊಂಡೆವು. ಸೆಕೆ ತಡೆಯದೆ ಸೀಲಿಂಗ್ ಫ್ಯಾನ್ ಬೇರೆ ಹಾಕಿದೆವು. ಅದು ಎಂಥ ದಡ್ಡತನ ಅಂತ ಆಗ ಹೊಳೆಯಲಿಲ್ಲ.

ಹತ್ತು ನಿಮಿಷದಲ್ಲಿ ನಾಲ್ಕಡಿ ದೂರದ ಹುಡುಗ ಕಾಣದ ಹಾಗಾದ. ಅಷ್ಟರಲ್ಲಿ ಅಡುಗೆ ಮನೆಯಿಂದ ಕೂಗು. ನಾವಿದ್ದದ್ದು ಮೂಡು ಬದಿಯ ಕೋಣೆಯಲ್ಲಿ, ಅಡುಗೆ ಮನೆ ಇನ್ನೊಂದು ತುದಿ. ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಕೆಂಪು ಹುಡಿ. ಮಕ್ಕಳ ಪುಸ್ತಕದ ಮೇಲೆ, ದೇವರ ದೀಪದ ಎಣ್ಣೆಯಲ್ಲಿ, ಅಟ್ಟದಲ್ಲಿಟ್ಟ ಹಲಸಿನ ಹಪ್ಪಳದ ಡಬ್ಬಿ ಮೇಲೆ, ಎಲ್ಲ ಕಡೆ ಅದೇ.

ಯಜಮಾನರು ಏನೂ ಹೇಳದೆ ಟಾರ್ಚ್ ತಂದು ಮೇಲಕ್ಕೆ ಹಿಡಿದರು. ಗೋಡೆ 9 ಅಡಿಗೆ ನಿಂತಿದೆ. ಅದರ ಮೇಲೆ ಹಂಚಿನವರೆಗೆ ಬರೀ ಖಾಲಿ. ಆ ಬೆಳಕಿನಲ್ಲಿ ಹುಡಿ ಹೊಗೆಯ ಹಾಗೆ ಗೋಡೆ ಹತ್ತಿ, ದಾಟಿ, ಆಚೆ ಕೋಣೆಗೆ ಇಳಿಯುತ್ತಿತ್ತು.

"ಬಾಗಿಲು ಯಾಕೆ ಮುಚ್ಚಿದ್ದು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಟೆರೇಸ್ ಮನೆಗಳಲ್ಲೇ ಕೆಲಸ ಮಾಡಿ ಅಭ್ಯಾಸ. ಅಲ್ಲಿ ಬಾಗಿಲು ಹಾಕಿದರೆ ಕೋಣೆ ಒಂದು ಪೆಟ್ಟಿಗೆ. ಹಂಚಿನ ಮನೆಯಲ್ಲಿ ಕೋಣೆಗಳಿಗೆಲ್ಲ ಒಂದೇ ಗಾಳಿ. ಗಾಳಿ ಆಡಲಿ ಅಂತಲೇ ಹಿರಿಯರು ಹಾಗೆ ಕಟ್ಟಿದ್ದು, ಅಲ್ವಾ?

ಮರುದಿನ ಬೆಳಿಗ್ಗೆ ಆರಕ್ಕೆ ಫೋನ್ ಬಂತು. ಅಜ್ಜಿಗೆ ರಾತ್ರಿಯಿಡೀ ಉಸಿರು ಸಿಗಲಿಲ್ಲ, ಪಂಪ್ ಎಳೆದರೂ ಸಾಲಲಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇವೆ, ಇವತ್ತು ಬರಬೇಡಿ. ಪುಣ್ಯಕ್ಕೆ ಸಂಜೆಗೆ ಡಾಕ್ಟರು ಕಳಿಸಿಕೊಟ್ಟರು. ಅಲ್ಲಿಂದ ನೇರ ಮಗಳ ಮನೆಗೆ ಹೋದರು. ಕೆಲಸ ಮುಗಿಯುವವರೆಗೂ ಅಲ್ಲೇ ಇದ್ದರು. ಮೊದಲ ದಿನವೇ ಆಗಬೇಕಿದ್ದ ವ್ಯವಸ್ಥೆ ಅದು.

ಆ ಹುಡಿಯಲ್ಲಿ ಏನಿದೆ

"ಕಲ್ಲಿನ ಹುಡಿ ಅಣ್ಣ, ಮಣ್ಣೇ ಅಲ್ವಾ?" ಅಂತ ಸಣ್ಣ ಹುಡುಗ ಕೇಳಿದ. ನಾನೂ ಹಾಗೇ ಅಂದುಕೊಂಡಿದ್ದೆ. ಕೆಂಪುಕಲ್ಲಿನಲ್ಲಿ ಕಬ್ಬಿಣದ, ಅಲ್ಯೂಮಿನಿಯಂನ ಆಕ್ಸೈಡ್ ಮತ್ತು ಜೇಡಿ ಜಾಸ್ತಿ. ಆದರೆ ಜೊತೆಗೆ ಬೆಣಚುಕಲ್ಲಿನ ಕಣವೂ ಇರುತ್ತದೆ, ಕೋರೆಯಿಂದ ಕೋರೆಗೆ ಹೆಚ್ಚು ಕಡಿಮೆ. ಬ್ಲೇಡು ಮೊದಲು ಕೊರೆಯುವುದು ಗಾರೆಯನ್ನು. ಗಾರೆಯಲ್ಲಿರುವುದು ಹೊಯಿಗೆ (ಮರಳು). ಹೊಯಿಗೆ ಅಂದರೆ ಬಹುಪಾಲು ಬೆಣಚುಕಲ್ಲೇ, ಅಂದರೆ ಸಿಲಿಕಾ. ಅದು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್. ಒಮ್ಮೆ ಬಂದರೆ ಹಿಂದೆ ಹೋಗುವ ಕಾಯಿಲೆ ಅಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಇದೂ ಇತ್ತು. ಆದರೆ ಮನೆ ಮನೆಗೆ ಹೋಗಿ ಗೋಡೆ ಕೊರೆಯುವ ನಮ್ಮಂಥವರ ಲೆಕ್ಕ ಇಡುವವರು ಯಾರು?

ಸಂಜೆ ಮೂಗು ಸೀನಿದರೆ ಕೆಂಪಾಗಿ ಬರುತ್ತಿತ್ತು. ಹುಡುಗರಿಗೆ ಅದೊಂದು ತಮಾಷೆ. ಮೂಗಿನಲ್ಲಿ ಸಿಕ್ಕಿಕೊಂಡದ್ದು ಹೊರಗೆ ಬಂತು, ಸರಿ. ಒಳಗೆ ಆಳಕ್ಕೆ ಹೋಗುವುದು 10 ಮೈಕ್ರಾನಿಗಿಂತ ಸಣ್ಣ ಕಣ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದಂಶ), ಅದರಲ್ಲೂ ನಾಲ್ಕೈದು ಮೈಕ್ರಾನಿಗಿಂತ ಸಣ್ಣವು. ಅವು ಕಣ್ಣಿಗೆ ಕಾಣುವುದಿಲ್ಲ. ಬೈರಾಸಿನ ನೇಯ್ಗೆಯಲ್ಲಿ ಆರಾಮಾಗಿ ತೂರುತ್ತವೆ. ಗ್ರೈಂಡರ್ ನಿಲ್ಲಿಸಿದ ಮೇಲೂ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ.

ಅಮೆರಿಕದಲ್ಲಿ 2016ರಲ್ಲಿ ಬಂದ ನಿಯಮದ ಪ್ರಕಾರ 8 ಗಂಟೆಯ ಕೆಲಸದಲ್ಲಿ ಉಸಿರಿಗೆ ಸಿಗುವ ಸಿಲಿಕಾ ಸರಾಸರಿ ಘನ ಮೀಟರಿಗೆ 50 ಮೈಕ್ರೋಗ್ರಾಂ ದಾಟಬಾರದು. ನಮ್ಮ ಕೋಣೆಗೆ ಲೆಕ್ಕ ಹಾಕಿ ನೋಡಿದೆ. 10 ಅಡಿ, 12 ಅಡಿ, 9 ಅಡಿ ಎತ್ತರ. ಸುಮಾರು 30 ಘನ ಮೀಟರ್. ಅಂದರೆ ಇಡೀ ಕೋಣೆಯ ಗಾಳಿಯಲ್ಲಿ ಒಂದೂವರೆ ಮಿಲಿಗ್ರಾಂ. ಚಿಟಿಕೆ ಉಪ್ಪಿನಲ್ಲಿ ಅದರ ನೂರಾರು ಪಟ್ಟು ತೂಕ ಇರುತ್ತದೆ. ನಾವು ಮೊದಲ ದಿನ ಎಬ್ಬಿಸಿದ್ದು ಕಿಲೋ ಲೆಕ್ಕದಲ್ಲಿ.

ನೀರು ಹಾಕಿ ನೋಡಿದ್ದು

ಮೂರನೇ ದಿನ ನೀರಿನ ಐಡಿಯಾ ಬಂತು. ಹುಡಿ ಹುಟ್ಟುವ ಜಾಗದಲ್ಲೇ ನೀರು ಬಿದ್ದರೆ ಏಳುವುದೇ ಇಲ್ಲ, ಅದು ಹೌದು. ಅಟ್ಟದಲ್ಲಿ ಅಡಿಕೆಗೆ ಮದ್ದು ಬಿಡುವ ಸ್ಪ್ರೇಯರ್ ಇತ್ತು. ಕಳೆದ ಮಳೆಗಾಲದಲ್ಲಿ ಬೋರ್ಡೋ, ಅಂದರೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ, ಬಿಟ್ಟು ಇಟ್ಟದ್ದು. ಒಬ್ಬ ಕೊರೆಯುವುದು, ಇನ್ನೊಬ್ಬ ಬ್ಲೇಡಿಗೆ ನೀರು ಬಿಡುವುದು.

ಧೂಳು ಇಳಿಯಿತು. ಆದರೆ ಗೋಡೆಯಿಂದ ರಕ್ತ ಇಳಿದ ಹಾಗೆ ಕೆಂಪು ರಾಡಿ. ಸುಣ್ಣದ ಗೋಡೆಗೆ ಅಂಟಿ ಒಳಗೆ ಹೀರಿಕೊಂಡಿತು, ಒರೆಸಿದರೆ ಇನ್ನೂ ಹರಡಿತು. ನಡುನಡುವೆ ನೀಲಿ ಚುಕ್ಕೆ! ಸ್ಪ್ರೇಯರಿನ ತಳದಲ್ಲಿ ಉಳಿದಿದ್ದ ಮೈಲುತುತ್ತು. ಯಜಮಾನರಿಗೆ ಆ ಹೊತ್ತಲ್ಲೂ ನಗು ಬಂತು.

ನಗು ಬಾರದ ವಿಷಯ ಇನ್ನೊಂದಿತ್ತು. ಐದು ನಿಮಿಷ ಕಳೆದಿರಬೇಕು, ದೊಡ್ಡ ಹುಡುಗ "ಅಣ್ಣ, ಕೈ ಜುಂ ಅಂತಿದೆ" ಅಂದ. ನಾನು ಪ್ಲಗ್ ಕಿತ್ತು ಎಸೆದೆ. ಆ ಗ್ರೈಂಡರ್ ನೀರಿನ ಕೆಲಸಕ್ಕೆ ಮಾಡಿದ್ದೇ ಅಲ್ಲ. ಕರೆಂಟ್ ತೆಗೆದುಕೊಂಡದ್ದು ಯಾವುದರಿಂದ? ನಾವೇ ಬದಲಿಸಲು ಬಂದಿದ್ದ ಹಳೇ ಬೋರ್ಡಿನಿಂದ. ಅದರಲ್ಲಿ ಇಎಲ್‌ಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು, ಇರಲಿಲ್ಲ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವನು ನಾನು. ಬೇರೆಯವರ ಮನೆಗೆ ಇಎಲ್‌ಸಿಬಿ ಹಾಕಿ ಅಂತ ಉಪದೇಶ ಕೊಡುವವನು.

ಆ ಮಧ್ಯಾಹ್ನವೇ 30 ಮಿಲಿಆಂಪಿನ ಇಎಲ್‌ಸಿಬಿ ಇರುವ ತಾತ್ಕಾಲಿಕ ಬೋರ್ಡು ಕಟ್ಟಿದೆ. ಈಗ ಯಾವ ಮನೆಗೆ ಹೋದರೂ ಮೊದಲು ಇಳಿಯುವುದು ಆ ಬೋರ್ಡು, ಆಮೇಲೆ ಉಳಿದ ಸಾಮಾನು. ನೀರಿನ ಪ್ರಯೋಗ ಅಲ್ಲಿಗೇ ಬಿಟ್ಟೆ. ಒಳಗೆ ಜನ ಇರುವ, ಸುಣ್ಣ ಬಳಿದ ಹಳೇ ಮನೆಗೆ ಅದು ಹೇಳಿಸಿದ್ದಲ್ಲ.

ಮೇಸ್ತ್ರಿಯ ಒಂದು ಮಾತು

ಅಂಗಳದ ಮೆಟ್ಟಿಲು ಸರಿ ಮಾಡಲು ಒಬ್ಬರು ವಯಸ್ಸಾದ ಮೇಸ್ತ್ರಿ ಬಂದಿದ್ದರು. ಚಾ ಕುಡಿಯುವಾಗ ಒಳಗೆ ಬಂದು ನಾವು ಮೊದಲ ದಿನ ಕೊರೆದ ಅಡ್ಡ ಕಣಿ ನೋಡಿದರು. ಬೆರಳು ಹಾಕಿ ಆಳ ನೋಡಿದರು. ಮೇಲೆ ಅಟ್ಟದ ತೊಲೆ ನೋಡಿದರು.

"ಇದು ಕಲ್ಲಿನ ಮೇಲೆ ನಿಂತ ಮನೆ, ಕಂಬದ ಮೇಲಲ್ಲ. ನೀವು ಸೊಂಟಕ್ಕೇ ಗರಗಸ ಇಟ್ಟಿದ್ದೀರಿ."

ಅಳೆದೆ. ಉದ್ದ 11 ಅಡಿ. ಆಳ ಕೆಲವು ಕಡೆ 2 ಇಂಚು ದಾಟಿತ್ತು. ಕೆಂಪುಕಲ್ಲಿನ ಗುಣ ಗೊತ್ತಲ್ಲ, ನೆಲದೊಳಗೆ ಮೆತ್ತಗೆ, ಗಾಳಿಗೆ ಬಂದ ಮೇಲೆ ಗಟ್ಟಿ. 1800ರ ಹೊತ್ತಿಗೆ ಮಲಬಾರಿನಲ್ಲಿ ತಿರುಗಾಡಿದ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ ಅಂಗಾಡಿಪುರದಲ್ಲಿ ಜನ ಇದನ್ನು ಇಟ್ಟಿಗೆಯ ಹಾಗೆ ಕಡಿಯುವುದು ನೋಡಿ, ಇಟ್ಟಿಗೆಯ ಲ್ಯಾಟಿನ್ ಪದದಿಂದಲೇ ಲ್ಯಾಟರೈಟ್ ಅಂತ ಹೆಸರಿಟ್ಟದ್ದು. ನನ್ನ ಅನುಭವದಲ್ಲಿ ಹಳೇ ಕಲ್ಲಿಗೆ ಹೊರಗಿನ ಸಿಪ್ಪೆ ಗಟ್ಟಿ, ಒಳಗೆ ಸಡಿಲ. ಬ್ಲೇಡು ಸಿಪ್ಪೆ ದಾಟಿದ ಕೂಡಲೇ ಗುಳುಂ ಅಂತ ಒಳಗೆ ಹೋಗುತ್ತದೆ. ಉಳಿ ಕೊಟ್ಟರೆ ಅಂಚು ಕಳಚುತ್ತದೆ. ಹುಡುಗ ಬೇಕೆಂದು ಆಳ ಮಾಡಿದ್ದಲ್ಲ.

ಭಾರ ಹೊರುವ ಗೋಡೆಗೆ ಲೆಕ್ಕ ಇದೆ. ಐಎಸ್ 1905 ಅನ್ನುವ ನಮ್ಮ ದೇಶದ ಸಂಹಿತೆ. ನೆಟ್ಟಗೆ ಇಳಿಯುವ ಕಣಿಯ ಆಳ ಗೋಡೆ ದಪ್ಪದ ಮೂರರಲ್ಲಿ ಒಂದಂಶ ದಾಟಬಾರದು. ಅಡ್ಡ ಕಣಿ ಆರರಲ್ಲಿ ಒಂದಂಶ. ಅಡ್ಡ ಕಣಿಯನ್ನು ಆದಷ್ಟು ತಪ್ಪಿಸಬೇಕು, ಆಗದಿದ್ದರೆ ಒಂದೊಂದೂ ಒಂದು ಮೀಟರಿಗಿಂತ ಉದ್ದ ಬೇಡ. ಅರ್ಧ ಇಟ್ಟಿಗೆಯ ಭಾರದ ಗೋಡೆಯಾದರೆ ಕಣಿಯೇ ಕೂಡದು. ನಮ್ಮದು 9 ಇಂಚು, ಸುಮಾರು 225 ಮಿಲಿಮೀಟರ್. ನೆಟ್ಟಗೆ 75 ಮಿಮೀ ವರೆಗೆ ಹೋಗಬಹುದು. ಅಡ್ಡ ಬರೀ 37. ನಾವು ಮೂರು ಮೀಟರಿಗಿಂತ ಉದ್ದ, 50ಕ್ಕಿಂತ ಆಳ ಕೊರೆದಿದ್ದೆವು, ಅದೂ ತೊಲೆ ಕೂತ ಗೋಡೆಯಲ್ಲಿ.

ಬಿರುಕು ಬಿಟ್ಟಿರಲಿಲ್ಲ. ಮೇಸ್ತ್ರಿಯೇ ಅದೇ ದಿನ ಅದನ್ನು ತೊಳೆದು, ಸಿಮೆಂಟಿನ ಗಾರೆಯನ್ನು ಗಟ್ಟಿಯಾಗಿ ತುಂಬಿ ಮುಚ್ಚಿದರು. ದುಡ್ಡು ನಾನು ಕೊಟ್ಟೆ.

ಗೆರೆ ಅಳಿಸಿ ಮತ್ತೆ ಎಳೆದದ್ದು

ಅವತ್ತು ರಾತ್ರಿ ಜಗಲಿಯಲ್ಲಿ ಯಜಮಾನರ ಜೊತೆ ಕೂತೆ. ಕೆಲಸ ಬಿಟ್ಟು ಹೋಗಿ ಅಂದರೂ ಹೋಗುವ ಸ್ಥಿತಿ ನನ್ನದು. ಆದರೆ ಒಂದು ಲೆಕ್ಕ ತಲೆಗೆ ಬಂದಿತ್ತು. ಐದಡಿ ಕಣಿಯಲ್ಲಿ ಬ್ಲೇಡಿನ ಎರಡು ಗೆರೆ, ಒಂದೊಂದೂ ಎರಡೂವರೆ ಮಿಮೀ ಅಗಲ, 35 ಮಿಮೀ ಆಳ. ಅಷ್ಟು ಕಲ್ಲು ಹುಡಿಯಾದರೆ ಹತ್ತಿರ ಹತ್ತಿರ ಅರ್ಧ ಕಿಲೋ. 210 ಅಡಿಗೆ 21 ಕಿಲೋ! ಅಷ್ಟನ್ನು ಹಿಡಿಯುವ ಉಪಾಯ ಹುಡುಕುವ ಬದಲು ಅಷ್ಟು ಕೊರೆಯುವುದು ಯಾಕೆ?

ಅಟ್ಟ ಇದೆ, ಗೋಡೆಯ ತಲೆ ಖಾಲಿ ಇದೆ. ಮೈನ್ ಬೋರ್ಡಿನಿಂದ ಪೈಪ್ ನೆಟ್ಟಗೆ ಮೇಲೆ ಹೋಗಲಿ. ಅಡ್ಡ ಓಟವೆಲ್ಲ ಗೋಡೆಯ ತಲೆ ಮೇಲೆ, ತೊಲೆಯ ಪಕ್ಕದಲ್ಲಿ. ಬೇಕಾದ ಕಡೆ ಮಾತ್ರ ನೆಟ್ಟಗೆ ಐದಡಿ ಇಳಿಸುವುದು. ಹದಿನಾಲ್ಕು ಇಳಿಕೆ, 70 ಅಡಿ. ಮೂರರಲ್ಲಿ ಒಂದು ಪಾಲು.

"ಇಲಿ?" ಅಂದರು ಯಜಮಾನರು. ವೈರು ಬರೀ ಬಿಡುವುದಿಲ್ಲ, ಗಟ್ಟಿ ಪೈಪಿನೊಳಗೇ ಹೋಗುತ್ತದೆ ಅಂದೆ. "ಪೈಪ್ ಕಾಣುತ್ತದಲ್ಲ?" ಅಟ್ಟ ಇಲ್ಲದ ಕೋಣೆಯಲ್ಲಿ ಕತ್ತೆತ್ತಿ ನೋಡಿದರೆ ಕಾಣುತ್ತದೆ, ಮರದ ಬಣ್ಣ ಬಳಿಯೋಣ ಅಂದೆ. ಒಳಗಿನಿಂದ ಅವರ ಹೆಂಡತಿ ಹೇಳಿದರು: "ಉಪನಯನಕ್ಕೆ ಬಂದವರು ಊಟ ನೋಡ್ತಾರೋ ಮಾಡು ನೋಡ್ತಾರೋ?" ಅಲ್ಲಿಗೆ ತೀರ್ಮಾನ ಆಯಿತು.

ದೇವರ ಕೋಣೆಯ ಗೋಡೆ ಮುಟ್ಟಬೇಡಿ ಅಂದರು. ಅಲ್ಲಿ ಕೊರೆಯದೆ, ವೈರನ್ನು ಗೋಡೆಯ ಮೇಲೆಯೇ ಮುಚ್ಚಿ ಒಯ್ಯುವ ಕೇಸಿಂಗ್ ಪಟ್ಟಿ ಹೊಡೆದೆವು.

ಟಾರ್ಪಾಲ್, ಊದುಬತ್ತಿ, ಒದ್ದೆ ಗೋಣಿ

ಅಡಿಕೆ ಬೆಳೆಯುವ ಮನೆಯಲ್ಲಿ ಟಾರ್ಪಾಲಿಗೆ ಬರ ಇಲ್ಲ. ಕೊರೆಯುವ ಕೋಣೆಗೆ ಮೇಲಿನಿಂದಲೇ ಒಂದು ಸೀಲಿಂಗ್ ಕಟ್ಟಿದೆವು. ಗೋಡೆಯ ತಲೆಗೆ ರೀಪು ಒತ್ತಿ ಮೊಳೆ ಹೊಡೆದು, ಅಂಚಿಗೆ ಟೇಪು. ಬಾಗಿಲಿಗೂ ಒಂದು ಪರದೆ, ಕೆಳಗೆ ಒಂದಡಿ ಬಿಟ್ಟು. ಕಿಟಕಿಯಲ್ಲಿ ಟೇಬಲ್ ಫ್ಯಾನ್ ಹೊರಮುಖ ಮಾಡಿ ಇಟ್ಟು ಸುತ್ತ ರಟ್ಟು ಮುಚ್ಚಿದೆವು. ಒಳಗಿನ ಗಾಳಿಯನ್ನು ಫ್ಯಾನ್ ಹೊರಗೆ ತಳ್ಳಬೇಕು, ಪರದೆಯ ಅಡಿಯಿಂದ ಹೊಸ ಗಾಳಿ ಬರಬೇಕು. ಸರಿಯಾಗಿದೆಯಾ ಅಂತ ನೋಡಲು ಪರದೆಯ ಹತ್ತಿರ ಊದುಬತ್ತಿ ಹಚ್ಚಿಟ್ಟೆ. ಹೊಗೆ ಒಳಗೆ, ಕಿಟಕಿಯ ಕಡೆಗೆ ಬಾಗಿತು. ಸರಿ.

ಬೆಳಿಗ್ಗೆ ಎಲ್ಲ ಚೆನ್ನಾಗಿತ್ತು. ಹನ್ನೊಂದರ ಹೊತ್ತಿಗೆ ಊದುಬತ್ತಿಯ ಹೊಗೆ ತಿರುಗಿ ಅಡುಗೆ ಮನೆ ಕಡೆಗೆ ಹೋಯಿತು. ಫ್ಯಾನ್ ತಿರುಗುತ್ತಲೇ ಇದೆ. ನೋಡಿದರೆ ಕಡಲ ಗಾಳಿ ಎದ್ದಿತ್ತು, ನಮ್ಮ ಕಿಟಕಿ ಪಡು ಬದಿಗೆ. ಈ ಸಣ್ಣ ಫ್ಯಾನ್ ಅದರ ಜೊತೆ ಗುದ್ದಾಡುವುದುಂಟಾ? ಅಲ್ಲಿಂದ ಪಡು ಕಿಟಕಿಯ ಕೋಣೆಗಳನ್ನು ಬೆಳಿಗ್ಗೆ ಏಳರಿಂದ ಹತ್ತೂವರೆ, ಮೂಡು ಕಿಟಕಿಯವನ್ನು ಮಧ್ಯಾಹ್ನದ ಮೇಲೆ ಅಂತ ಹಂಚಿಕೊಂಡೆವು. ಊದುಬತ್ತಿಗೆ ಎರಡು ರೂಪಾಯಿಯೂ ಆಗಿರಲಿಕ್ಕಿಲ್ಲ. ಆ ಮನೆಯಲ್ಲಿ ನಾನು ಕಲಿತ ಉಪಾಯಗಳಲ್ಲಿ ನನಗೆ ಹೆಚ್ಚು ಇಷ್ಟ ಅದು.

ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಅದರ ಮೇಲೆ ಹುಡಿ ಬಿದ್ದರೆ ವ್ಯಾಪಾರಿಗೆ ಏನು ಹೇಳುವುದು? ಕಿಟಕಿಯ ಹೊರಗೆ ಎರಡಡಿ ಬಿಟ್ಟು ಒದ್ದೆ ಗೋಣಿ ತೂಗಿಸಿದೆವು. ಗಂಟೆಗೊಮ್ಮೆ ನೀರು ಹೊಡೆಯುವುದು. ಸಂಜೆಗೆ ಗೋಣಿ ಕಾವಿ ಬಟ್ಟೆಯ ಹಾಗಾಗಿತ್ತು.

ಯಂತ್ರವನ್ನೂ ಬದಲಿಸಿದೆ. ಎರಡು ಬ್ಲೇಡಿನ ವಾಲ್ ಚೇಸರ್ ಬಾಡಿಗೆಗೆ ತಂದೆ. ಬ್ಲೇಡಿನ ಸುತ್ತ ಕವಚ, ಕವಚಕ್ಕೆ ವ್ಯಾಕ್ಯೂಮಿನ ಪೈಪು. ಆಳ ಮೊದಲೇ ಕಟ್ಟಿಡಬಹುದು. 35ಕ್ಕೆ ಕಟ್ಟಿದೆ. ಗುಳುಂ ಅನ್ನುವ ಪ್ರಶ್ನೆಯೇ ಇಲ್ಲ. ಮೇಲಿನಿಂದ ಕೆಳಗೆ ಒಂದೇ ಎಳೆತ, ಎರಡು ಗೆರೆ ಒಟ್ಟಿಗೆ, ನಡುವಿನ ಕಲ್ಲನ್ನು ಅಗಲ ಉಳಿಯಿಂದ ಮೆಲ್ಲ ಎಬ್ಬಿಸುವುದು.

ವ್ಯಾಕ್ಯೂಮ್ ಎರಡನೇ ಇಳಿಕೆಗೇ ಉಸಿರು ಕಟ್ಟಿತು. ಕೆಂಪು ಹುಡಿ ಅಷ್ಟು ನಯ, ಫಿಲ್ಟರಿಗೆ ಮೆತ್ತಿಕೊಂಡಿತು. ಎಳೆತ ಕಡಿಮೆಯಾದ ಕೂಡಲೇ ಕವಚದ ಅಂಚಿನಿಂದ ಹುಡಿ ಹಾರತೊಡಗಿತು. 20 ಲೀಟರಿನ ಖಾಲಿ ಪೇಂಟ್ ಬಕೆಟ್ಟಿನ ಮುಚ್ಚಳಕ್ಕೆ ಎರಡು ಬೆಂಡ್ ಕೂರಿಸಿ, ಚೇಸರಿಗೂ ವ್ಯಾಕ್ಯೂಮಿಗೂ ನಡುವೆ ಇಟ್ಟೆವು. ಗಾಳಿ ಬಕೆಟ್ಟಿನೊಳಗೆ ಸುಳಿ ಸುತ್ತುತ್ತದೆ, ಭಾರದ ಹುಡಿ ತಳಕ್ಕೆ ಬೀಳುತ್ತದೆ, ಉಳಿದದ್ದಷ್ಟೇ ಫಿಲ್ಟರಿಗೆ. ಮನೆ ಗುಡಿಸುವ ಸಾಧಾರಣ ವ್ಯಾಕ್ಯೂಮ್ ಇದಕ್ಕೆ ಆಗುವುದಿಲ್ಲ. ದಪ್ಪ ಹುಡಿ ಹಿಡಿದು, ನಯವಾದದ್ದನ್ನು ಹಿಂದಿನಿಂದ ಕೋಣೆಗೇ ಬಿಡುತ್ತದೆ. ಆ ನಯವಾದ ಹುಡಿಯನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದೇ ಬೇಕು.

ಬೈರಾಸಿನ ಬದಲು ಎನ್95 ಮಾಸ್ಕ್. ದೊಡ್ಡ ಹುಡುಗನಿಗೆ ಗಡ್ಡ. ಗಡ್ಡದ ಮೇಲೆ ಮಾಸ್ಕ್ ಕೂರುವುದಿಲ್ಲ, ಗಾಳಿ ಬದಿಯಿಂದ ನುಗ್ಗುತ್ತದೆ. ತೆಗೆಯಲು ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ, ಅವನನ್ನು ಅಟ್ಟದ ಪೈಪಿನ ಕೆಲಸಕ್ಕೆ ಹಾಕಿ ಚೇಸರ್ ನಾನು ಹಿಡಿದೆ.

ಗುಡಿಸುವಾಗ ಹಿಡಿಸೂಡಿ ಮುಟ್ಟಲು ಬಿಡಲಿಲ್ಲ. ಒಣ ನೆಲ ಗುಡಿಸಿದರೆ ಹಿಡಿದ ಹುಡಿಯನ್ನೆಲ್ಲ ಮತ್ತೆ ಎಬ್ಬಿಸಿದ ಹಾಗೆ. ಒದ್ದೆ ಮಾಡಿದ ಮರದ ಹುಡಿ ಚೆಲ್ಲಿ ಬಳಿದೆವು, ಆಮೇಲೆ ಒದ್ದೆ ಬಟ್ಟೆ. ಟಾರ್ಪಾಲನ್ನು ಒಂದು ಗಂಟೆ ಬಿಟ್ಟು, ಒಳಮುಖ ಮಡಚಿ ಇಳಿಸಿದೆವು.

ಕೊನೆಗೆ

ಅಂದಾಜು ಮಾಡಿದ್ದು ಆರು ದಿನ, ಆದದ್ದು ಹತ್ತು. ಬಕೆಟ್ಟಿನ ಹುಡಿಯನ್ನು ಯಜಮಾನರ ಅಡಿಕೆ ತಕ್ಕಡಿಯಲ್ಲಿ ತೂಗಿದೆವು: ಐದೂವರೆ ಕಿಲೋ. 70 ಅಡಿಗೆ ನನ್ನ ಲೆಕ್ಕ ಏಳು. ಉಳಿದದ್ದು ಗೋಣಿಯಲ್ಲಿ, ಫಿಲ್ಟರಿನಲ್ಲಿ, ಸ್ವಲ್ಪ ನೆಲದ ಮೇಲೆ. ಅಡುಗೆ ಮನೆಯಲ್ಲಿ ಕೊನೆಯ ಐದು ದಿನ ಮುಚ್ಚಳದ ಮೇಲೆ ಬೆರಳು ಎಳೆದರೆ ಗೆರೆ ಮೂಡಲಿಲ್ಲ.

ಕಣಿ ಮುಚ್ಚುವ ಮೊದಲು ಕಲ್ಲಿಗೆ ನೀರು ಹೊಡೆದೆವು. ಒಣ ಕೆಂಪುಕಲ್ಲು ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ, ಆಮೇಲೆ ಗಾರೆ ಬಿಟ್ಟುಕೊಳ್ಳುತ್ತದೆ. ಮೇಲೆ ಕೋಳಿ ಬಲೆ ಒತ್ತಿ ಗಾರೆ ಎಳೆದೆವು. ಇಲ್ಲದಿದ್ದರೆ ಪೇಂಟ್ ಒಣಗುವ ಹೊತ್ತಿಗೆ ಪೈಪಿನ ಉದ್ದಕ್ಕೂ ಗೆರೆ ಬಿಡುತ್ತದೆ.

ದುಡ್ಡಿನ ವಿಷಯದಲ್ಲಿ ನನಗೆ ಲಾಭ ಆಗಲಿಲ್ಲ. ಅಡಿಗೆ ಇಷ್ಟು ಅಂತ ಹೇಳಿದ ರೇಟಿನಲ್ಲಿ 210 ಅಡಿ 70ಕ್ಕೆ ಇಳಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಣಿಯ ಅಡಿಗೆ ರೇಟು ಕಟ್ಟುವವನಿಗೆ ಜಾಸ್ತಿ ಕೊರೆಯುವುದೇ ಲಾಭ ಅನ್ನುವುದು ಆಗ ಹೊಳೆಯಿತು. ಈಗ ನಾನು ಪಾಯಿಂಟಿಗೆ, ಅಂದರೆ ಒಂದೊಂದು ಲೈಟು, ಫ್ಯಾನು, ಪ್ಲಗ್ಗಿಗೆ, ಇಷ್ಟು ಅಂತ ಹೇಳುತ್ತೇನೆ. ಟಾರ್ಪಾಲ್ ಕಟ್ಟುವ ಕೂಲಿಯನ್ನು ಬೇರೆ ಸಾಲಿನಲ್ಲಿ ಬರೆಯುತ್ತೇನೆ. ಕೆಲವರು ಅದನ್ನು ಹೊಡೆದು ಹಾಕಿ ಅನ್ನುತ್ತಾರೆ. ಸುಮ್ನೆ ವಾದ ಮಾಡುವುದಿಲ್ಲ, ಆ ಕೆಲಸ ಬಿಟ್ಟುಬಿಡುತ್ತೇನೆ.

ಅಜ್ಜಿ ವಾಪಸ್ ಬರುವ ಹಿಂದಿನ ದಿನ ಯಜಮಾನರು ಫೋನ್ ಮಾಡಿದರು. ಎಲ್ಲ ತೊಳೆದಾಯಿತು, ಪೇಂಟೂ ಆಯಿತು, ಆದರೂ ರಾತ್ರಿ ಗಾಳಿ ಬಂದರೆ ಹಾಸಿಗೆ ಮೇಲೆ ಕೆಂಪು ಬೀಳುತ್ತದೆ, ಎಲ್ಲಿಂದ ಅಂತ. ಏಣಿ ಇಟ್ಟು ಹತ್ತಿದೆ. ಗೋಡೆಯ ತಲೆ ಮೇಲೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಮೊದಲ ದಿನದ ಹುಡಿ ಬೆರಳು ದಪ್ಪ ಕೂತಿತ್ತು. ಹುಡುಗರಿಬ್ಬರನ್ನು ಕರೆಸಿ ಒದ್ದೆ ಬಟ್ಟೆಯಿಂದ ಕೋಣೆ ಕೋಣೆಯ ಗೋಡೆ ತಲೆ ಒರೆಸಿದೆವು. ಗಡ್ಡದವನು ಗಡ್ಡ ಬೋಳಿಸಿಕೊಂಡು ಬಂದಿದ್ದ. ಯಾಕೆ ಅಂತ ನಾನು ಕೇಳಲಿಲ್ಲ. ಆ ಅರ್ಧ ದಿನಕ್ಕೆ ಬಿಲ್ಲು ಹಾಕಲಿಲ್ಲ.